ರೊಟ್ಟಿ ಮನೆಯ ರಜೆ

ಸಿಂಧನೂರು
12-6-2025

ಅಮರೇಶಿಗೆ ಕಲ್ಯಾಣಮ್ಮನ ಆಶೀರ್ವಾದ.

ಬಸವಣ್ಣನ ದಯದಿಂದ ಎಲ್ಲ ಚೆನ್ನಾಗಿದೆ ಎಂದು ಮೊದಲು ಬರೆಯಬೇಕು. ಆದರೆ ನೀನು ರೊಟ್ಟಿ ಬಡಿಯುತ್ತಿದ್ದ ನಡುವಿನ ಒಲೆ ಖಾಲಿ ಇರುವಾಗ ಹಾಗೆ ಬರೆಯಲು ಕೈ ಬರುವುದಿಲ್ಲ.

ಫೋನ್ ಹಚ್ಚಿದರೆ ನೀನು ಎತ್ತುವುದಿಲ್ಲ. ಅದಕ್ಕೆ ಈ ಕಾಗದ. ಲಿಂಗಸುಗೂರಿನಲ್ಲಿ ನನ್ನ ತಂಗಿ ಶಿವಗಂಗಾಳ ಖಾನಾವಳಿಗೆ ದಿನಾ ರೊಟ್ಟಿ ಗಂಟು ಒಯ್ಯುವ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದಲ್ಲ, ಅದರ ಕಂಡಕ್ಟರ್ ದಾವಲ್‌ಸಾಬ್ ಕೈಯಲ್ಲಿ ಕೊಟ್ಟಿದ್ದೇನೆ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಗಂಡ ದುರುಗಪ್ಪನಿಗೆ ಮುಟ್ಟಿಸುತ್ತೇನೆಂದು ಹೇಳಿದ್ದಾನೆ.

ಕಾರಹುಣ್ಣಿಮೆಯ ಮುಂದೆ ನೀನು ಹೋದೆ. ನನಗೆ ಹೇಳದೆ, ನಿನ್ನ ಜೊತೆ ರೊಟ್ಟಿ ಬಡಿಯುವ ಪಕೀರಮ್ಮನ ಕೈಯಲ್ಲಿ ಹೇಳಿ ಕಳುಹಿಸಿದೆ: "ಅಮರೇಶಿ ಮಸ್ಕ್ಯಾಗ ಹೊಸಾ ಮಷಿನ್ ರೊಟ್ಟಿ ಕಾರ್ಖಾನ್ಯಾಗ ಸೇರ್‍ಯಾಳಂತ್ರಿ." ಪರಾತದಲ್ಲಿ ಹಿಟ್ಟು ನಾದುತ್ತಿದ್ದೆ. ಹಿಟ್ಟು ಹಾಗೆಯೇ ಆರಿತು.

ನಾನು ಏನು ಕಡಿಮೆ ಮಾಡಿದೆ ಎಂದು ಲೆಕ್ಕ ಹಾಕುತ್ತ ಕುಳಿತಿದ್ದೇನೆ. ಮಧ್ಯಾಹ್ನ ನಾನು ಉಂಡದ್ದನ್ನೇ ನೀವೂ ಉಂಡಿರಿ. ದೀಪಾವಳಿಗೆ ನನಗೆ ತಂದ ಅಂಗಡಿಯಲ್ಲೇ ನಿಮಗೂ ಸೀರೆ ತಂದೆ. ಉಗಾದಿಯ ಮುಂದೆ ಜವಳಗೇರಾದ ನಿನ್ನ ಸೋದರತ್ತೆ ತೀರಿಕೊಂಡಾಗ ಮೂರನೇ ದಿನದ ಎಡೆಗೆ ಸೀರೆ ಕೊಟ್ಟೆ, ಆಕೆಯ ಹೆಸರಿನಲ್ಲಿ ಮಠದ ದಾಸೋಹಕ್ಕೆ ಜೋಳ ಕಳುಹಿಸಿದೆ. ಇದನ್ನು ಎತ್ತಿ ಆಡಬಾರದು, ಗೊತ್ತು. ಆದರೂ ಮನಸ್ಸು ಆಡುತ್ತದೆ.

ಸಂಬಳಕ್ಕೆ ಹೋದೆಯಾ? ಹಾಗಿದ್ದರೆ ನೇರವಾಗಿ ಹೇಳು. ನಾನು ನಿನ್ನನ್ನು ಒಂದು ದಿನವೂ ಕೆಲಸದವಳೆಂದು ಕಾಣಲಿಲ್ಲ. ಮಗಳೆಂದು ಕಂಡೆ. ಮತ್ತೆ ಬಾ.

ಶರಣು,
ಕಲ್ಯಾಣಮ್ಮ


ಮಸ್ಕಿ
20-6-2025

ಅಕ್ಕಾರ ಪಾದಕ್ಕೆ ಅಮರೇಶ್ವರಿಯ ಶರಣು.

ಕಾಗದ ಮುಟ್ಟಿತು. ದಾವಲ್‌ಸಾಬ್ ಅದನ್ನು ದುರುಗಪ್ಪನಿಗೆ ಕೊಡುವಾಗ, "ನಿನ್ನ ಹೆಂಡ್ತಿಗೆ ಕೋರ್ಟಿನ ನೋಟೀಸ್ ಬಂದೈತೋ" ಎಂದು ಹೇಳಿದನಂತೆ. ಪಾಪ, ಅವನು ಹೆದರಿ ಓಡಿಬಂದ.

ಸಂಬಳಕ್ಕೆ ಬಂದಿಲ್ಲ ಅಕ್ಕಾರ. ಇಲ್ಲಿ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಮಷಿನ್ ರೊಟ್ಟಿ ಎಲ್ಲ ಒಂದೇ ಅಚ್ಚು. ಒಂದು ಹಿಟ್ಟಿಗೆ ಎಸರು ಹೆಚ್ಚು ಬೇಕು, ಒಂದಕ್ಕೆ ಕಡಿಮೆ ಸಾಕು ಎಂಬುದು ಅದಕ್ಕೆ ತಿಳಿಯುವುದಿಲ್ಲ. ತಿಳಿಯದೆಯೂ ಅದರ ಕೆಲಸ ನಡೆಯುತ್ತದೆ. ನಮಗೆ ಕುಳಿತುಕೊಳ್ಳಲು ಕುರ್ಚಿ ಇದೆ. ಗಂಟೆ ಬಾರಿಸಿದರೆ ಎದ್ದು ಬರುತ್ತೇವೆ. ಭಾನುವಾರ ರಜೆ. ಮೊದಲ ಭಾನುವಾರ ಏನು ಮಾಡಬೇಕೆಂದು ತಿಳಿಯದೆ ತಲೆಗೆ ಎರೆದುಕೊಂಡು ಕಟ್ಟೆಯ ಮೇಲೆ ಸುಮ್ಮನೆ ಕುಳಿತೆ. ದುರುಗಪ್ಪನ ತಾಯಿ ಬಂದು ಹಣೆ ಮುಟ್ಟಿ ನೋಡಿದಳು, "ಜ್ವರಾ ಬಂದಾವೇನ್ಬೇ?" ಎಂದು.

ಯಾಕೆ ಬಂದೆ ಎಂದು ಮಾತ್ರ ಕೇಳಬೇಡಿ. ನಿಮ್ಮ ತಪ್ಪಿಲ್ಲ.

ಗೋಡೆ ಕಡೆಯ ಒಲೆ ಹೊಗೆ ಬಿಡುತ್ತದೆ. ಹಿಂದಿನ ಬಿರುಕಿಗೆ ಮಣ್ಣು ಮೆತ್ತಿಸಿ. ಪಕೀರಮ್ಮನ ಮೊಣಕಾಲು ಹೇಗಿದೆ?

ನಿಮ್ಮ
ಅಮರೇಶ್ವರಿ


ಸಿಂಧನೂರು
14-7-2025

ಅಮರೇಶಿಗೆ ಆಶೀರ್ವಾದ.

ಒಲೆಗೆ ಮಣ್ಣು ಮೆತ್ತಿಸಿದೆ. ಪಕೀರಮ್ಮನ ಮೊಣಕಾಲು ಹಾಗೆಯೇ ಇದೆ. ಬಾಯಿ ಮಾತ್ರ ದಿನದಿನಕ್ಕೆ ಚುರುಕಾಗುತ್ತಿದೆ.

ಕಾಲುವೆಗೆ ನೀರು ಬಿಟ್ಟಿದ್ದಾರೆ. ದಢೇಸುಗೂರು, ಜವಳಗೇರಾ, ಆರ್.ಎಚ್. ಕ್ಯಾಂಪ್, ಎಲ್ಲ ಕಡೆ ನಾಟಿಗೆ ಹೆಣ್ಣಾಳು ಸಾಲದು. ಅದರ ಮೇಲೆ ನಿಮ್ಮ ಕಾರ್ಖಾನೆಯ ಗಾಡಿ ಹೆಣ್ಣಾಳುಗಳನ್ನು ಹತ್ತಿಸಿಕೊಳ್ಳಲು ನಮ್ಮ ಓಣಿಗೇ ಬಂದು ನಿಲ್ಲುತ್ತಿದೆ. ಗಾಡಿ ಹಾರ್ನ್ ಹೊಡೆದಾಗ ನಮ್ಮ ಹೆಂಗಸರು ರೊಟ್ಟಿ ಬಡಿಯುವುದನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನೀನು ಹೋದ ದಾರಿ ಅವರಿಗೂ ಕಂಡಿದೆ. ಇನ್ನಿಬ್ಬರು ಹೋದರೆ ಈ ರೊಟ್ಟಿ ಮನೆಗೆ ಬೀಗ ಹಾಕಬೇಕು. ನನ್ನ ಅತ್ತೆಯ ಕಾಲದಿಂದ ಆರದ ಒಲೆ ನನ್ನ ಕೈಯಲ್ಲಿ ಆರಬಾರದು ಎಂದು ದಿನಾ ಲಿಂಗಪೂಜೆಯಲ್ಲಿ ಬೇಡುತ್ತೇನೆ.

ಸಂಬಳ ಏರಿಸುವ ಶಕ್ತಿ ಈ ವರ್ಷ ಇಲ್ಲ. ಬೇರೆ ರೀತಿಯಲ್ಲಿ ಅವರ ಮನಸ್ಸು ಹಿಡಿಯಬೇಕೆಂದು ಏನೇನೋ ಮಾಡಿದೆ. ಕೇಳು, ನಗಬೇಡ.

ಮೊದಲು ಎಲ್ಲರಿಗೂ ಒಂದೇ ಬಣ್ಣದ ಸೀರೆ ತಂದೆ, ತಿಳಿ ಹಸಿರು. ಉಟ್ಟು ಬಂದರು. ಶಂಶಾದ್‌ಬೀ ಸೆರಗು ನೋಡಿಕೊಂಡು, "ಅಕ್ಕಾರ, ದವಾಖಾನಿ ಆಯಾ ಆದಂಗ ಆಗೇವ್ರಿ. ಇನ್ನ ಕೈಯಾಗ ಬೇಸಿನ್ ಒಂದು ಕೊಟ್ಬಿಡ್ರಿ" ಎಂದಳು. ಮರುದಿನ ಒಬ್ಬರೂ ಉಡಲಿಲ್ಲ.

ಆಮೇಲೆ ಮಧ್ಯಾಹ್ನಕ್ಕೆ ಹೋಳಿಗೆ ಮಾಡಿಸಿದೆ. ಉಂಡರು, ಹೊಗಳಿದರು, ಗೋಡೆಗೆ ಒರಗಿ ಗೊರಕೆ ಹೊಡೆದರು. ಆ ದಿನ ಶಿವಗಂಗಾಳಿಗೆ ಅರ್ಧ ಗಂಟು ರೊಟ್ಟಿ ಹೋಯಿತು. ಆಕೆ ಫೋನಿನಲ್ಲಿ, "ಅಕ್ಕಾ, ಉಳಿದರ್ಧ ದಾವಲ್‌ಸಾಬ್ ತಿಂದಾನೋ ಹೆಂಗ?" ಎಂದು ಕೇಳಿದಳು.

ಮೂರನೆಯದಾಗಿ, ಬಡಿಯುವಾಗ ಬೇಸರ ಆಗಬಾರದೆಂದು ಮೊಬೈಲಿನಲ್ಲಿ ಸ್ವಾಮಿಗಳ ಪ್ರವಚನ ಹಚ್ಚಿದೆ. ಅದಕ್ಕೆ ಪಕೀರಮ್ಮ, "ಅವ್ರು ಭಾಳ ನಿಧಾನ ಮಾತಾಡ್ತಾರ್ರಿ. ಕೈನೂ ಅವರ ಜೋಡಿನ ನಿಧಾನ ಆಗಾಕತ್ತಾವ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ" ಎಂದಳು.

ಇಷ್ಟೆಲ್ಲ ಮಾಡಿದರೂ ಹಾರ್ನ್ ಕೇಳಿದರೆ ಅವರ ಕತ್ತು ತಿರುಗುವುದು ನಿಂತಿಲ್ಲ. ಮನೆಯವರು ನಗುತ್ತಾರೆ. "ನೀ ಅವರಿಗೆ ಏನು ಬೇಕಂತ ಕೇಳೀಯೇನು?" ಎಂದರು. ಏನು ಬೇಕೆಂದು ತಾಯಿಗೆ ತಿಳಿಯುವುದಿಲ್ಲವೇ ಎಂದೆ.

ನೀನಿದ್ದರೆ ಅವರೂ ಇಲ್ಲೇ ಉಳಿಯುತ್ತಾರೆ. ಶ್ರಾವಣದೊಳಗೆ ಬಾ.

ಶರಣು,
ಕಲ್ಯಾಣಮ್ಮ


ಸಿಂಧನೂರು
3-8-2025

ಅಮರೇಶಿ,

ನಿನ್ನಿಂದ ಉತ್ತರವಿಲ್ಲ. ಆದರೂ ಈ ಕಾಗದ ಬರೆಯದೆ ಇರಲಾರೆ.

ನಿನ್ನೆ ಹನ್ನೊಂದರ ಹೊತ್ತಿಗೆ ರೊಟ್ಟಿ ಮನೆಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಂದು ನಿಂತಳು. ತಲೆಯ ಮೇಲೆ ಗಂಟು, ಬಾಯಲ್ಲಿ ಎಲೆ ಅಡಿಕೆ. "ಕಲ್ಯಾಣಮ್ಮಾರು ನೀವ ಏನ್ರಿ? ನಾ ಜವಳಗೇರಾದ ರೇಣುಕಮ್ಮರಿ. ಅಮರೇಶಿ ಸೋದರತ್ತಿ. ಆಕಿ ಇದ್ದಾಳೇನ್ರಿ? ಪಂಚಮಿ ಉಂಡಿ ತಂದೀನಿ."

ತೀರಿಕೊಂಡದ್ದು ಜವಳಗೇರಾದ ಸೋದರತ್ತೆಯೇ ಅಲ್ಲವೇ?

ನಿನಗೆ ಇನ್ನೊಬ್ಬ ಸೋದರತ್ತೆ ಇರಬಹುದೆಂದು ಮೊದಲು ಅನಿಸಿತು. ಆದರೆ ಆಕೆ ಉಟ್ಟ ಸೀರೆ ನೋಡಿದೆ. ಕುಂಕುಮದ ಬಣ್ಣ, ಹಳದಿ ಅಂಚು. ಎಡೆಯ ಮುಂದೆ ಇಡಲೆಂದು ನಾನೇ ಆರಿಸಿ ಕೊಟ್ಟದ್ದು. ನಾನು ನೋಡುವುದನ್ನು ಕಂಡು ಆಕೆ ಸೆರಗು ಹರವಿ ತೋರಿಸಿದಳು. "ನೀವ ಕೊಟ್ಟಿದ್ರಂತಲ್ರಿ ಅವ್ವಾ. ಎಷ್ಟು ಸಲ ಒಗದೀನಿ, ಬಣ್ಣ ಹೋಗಿಲ್ಲ ನೋಡ್ರಿ. ಕಂಡು ಒಂದು ಮಾತು ಹೇಳಬೇಕಂತ ಭಾಳ ದಿನದಿಂದ ಮನಸಿತ್ತು."

"ಇನ್ನೂ ಭಾಳ ದಿನ ಉಡ್ರಿ" ಎಂದೆ. ಬೇರೆ ಏನು ಹೇಳಲಿ?

ಹಿಂದೆ ಸದ್ದಾಯಿತು. ಶಂಶಾದ್‌ಬೀ ಹಿಟ್ಟಿನ ಪರಾತದ ಮೇಲೆ ಬಗ್ಗಿದ್ದಳು, ನಗುವಿಗೆ ಭುಜ ಕುಣಿಯುತ್ತಿತ್ತು. ಮುಖ ಎತ್ತಿದಾಗ ಮೂಗಿನ ತುದಿಗೆಲ್ಲ ಹಿಟ್ಟು. ಎಲ್ಲರಿಗೂ ಗೊತ್ತಿತ್ತು ಅಮರೇಶಿ, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ನಿನ್ನ ಸೋದರತ್ತೆ ಚಹಾ ಕುಡಿದು, ಉಂಡಿ ಕೊಟ್ಟು, ನನ್ನ ಕೈಯಿಂದ ಎರಡು ಬಿಸಿ ರೊಟ್ಟಿ ತಿಂದು ಹೋದಳು. ಚೆನ್ನಾಗಿ ನಗುತ್ತಾಳೆ. ಆಕೆ ಹೋದ ಮೇಲೆ ನಾನು ಹೆಂಗಸರ ಕಡೆ ತಿರುಗಿದೆ. "ಸತ್ತಾಳಂತ ಹೇಳಿ ದಾಸೋಹಕ್ಕ ಜೋಳಾ ಕಳಿಸೂ ಹಂಗ ಮಾಡಿದಳಲ್ಲ, ದೇವರ ಮುಂದ ನಾ ಏನು ಮುಖ ತೋರಿಸಲಿ? ನಿಮಗರ ಹೇಳಾಕ ಬಾಯಿ ಇರಲಿಲ್ಲೇನು?"

ಪಕೀರಮ್ಮ ಮೊಣಕಾಲು ನೀವಿಕೊಳ್ಳುತ್ತ, "ಆಕಿ ಒಬ್ಬಾಕಿನ ಯಾಕ ಬೈತೀರಿ ಅಕ್ಕಾರ. ನಮ್ಮ ಎಲ್ಲಾರ ಮನ್ಯಾಗೂ ಒಬ್ಬೊಬ್ರು ಸತ್ತಾರ್ರಿ" ಎಂದಳು.

"ಅಂದ್ರ?"

"ನಮ್ಮ ಮಾವ ಸತ್ತಿದ್ದು ಖರೇ. ಆದ್ರ ಮೊದಲನೇ ಸಲಕ್ಕಲ್ಲ."

ನಗಲಿಲ್ಲ ಆಕೆ. ಹಂಚಿನ ಮೇಲಿನ ರೊಟ್ಟಿ ತಿರುವಿ ಹೇಳಿದಳು: "ಜ್ವರಾ ಬಂದೈತಿ ಅಂದ್ರ ನೀವು ಕಷಾಯ ಮಾಡ್ಕೊಂಡು ಮನಿಗೇ ಬರ್ತೀರಿ. ಕೂಸಿಗೆ ಆರಾಮಿಲ್ಲ ಅಂದ್ರ, ಇಲ್ಲೇ ತಂದು ಜೋಳಿಗ್ಯಾಗ ಹಾಕು, ನಾ ತೂಗತೀನಿ ಅಂತೀರಿ. ಬ್ಯಾಸರಾತು ಅಂದ್ರ ಪ್ರವಚನ ಹಚ್ತೀರಿ. ಸಾವಿಗೆ ಒಂದಕ್ಕ ನೋಡ್ರಿ ನೀವು ತಿರುಗಿ ಮಾತಾಡೂದಿಲ್ಲ."

ಆಮೇಲೆ, ಬಹಳ ಮೆಲ್ಲಗೆ: "ಎತ್ತಿಗೂ ಸೋಮವಾರ ಐತ್ರಿ ಅಕ್ಕಾರ. ಬಸವಣ್ಣನ ವಾರ ಅಂತ ನೊಗ ಹಾಕೂದಿಲ್ಲ. ನಮಗ ಯಾವ ವಾರ ಐತಿ?"

ಅಮರೇಶಿ, ಒಂದನ್ನೇ ಕೇಳುತ್ತೇನೆ. ಅತ್ತೆ ಸತ್ತಳೆಂದು ರಜೆ ಕೇಳಿದ ಆ ದಿನ ನೀನು ಎಲ್ಲಿಗೆ ಹೋಗಿದ್ದೆ?

ಕಲ್ಯಾಣಮ್ಮ


ಮಸ್ಕಿ
10-8-2025

ಅಕ್ಕಾರಿಗೆ ಶರಣು.

ದಢೇಸುಗೂರಿಗೆ ಹೋಗಿದ್ದೆ. ಅಲ್ಲಿ ಯಾರೂ ನನ್ನವರಿಲ್ಲ. ಬಸ್ಸಿಳಿದು, ಮಿರ್ಚಿ ಬಜಿ ಕಟ್ಟಿಸಿಕೊಂಡು, ಕಾಲುವೆ ದಂಡೆಯ ಮೇಲೆ ನೀರಿನಲ್ಲಿ ಕಾಲು ಬಿಟ್ಟು ಕುಳಿತೆ. ಹೊತ್ತು ಇಳಿಯುವ ತನಕ ಯಾರೂ "ಅಮರೇಶೀ" ಎಂದು ಕೂಗಲಿಲ್ಲ. ಅಷ್ಟೇ ಬೇಕಿತ್ತು. ಅದಕ್ಕೆ ಏನು ಹೆಸರು ಹೇಳಿ ರಜೆ ಕೇಳಲಿ? ಹೆಸರು ಸಿಗದೆ ಅತ್ತೆಯನ್ನು ಸಾಯಿಸಿದೆ.

ಮರುದಿನ ಬಂದರೆ ನೀವು ಬಾಗಿಲಲ್ಲೇ ಅಪ್ಪಿಕೊಂಡು ಅತ್ತಿರಿ. ನನಗೆ ಅಳು ಬರಲಿಲ್ಲ. "ಪಾಪ, ದುಃಖ ನುಂಗ್ಯಾಳ" ಎಂದು ನೀವು ಎಲ್ಲರಿಗೂ ಹೇಳಿದಿರಿ. ಆಮೇಲೆ ಸೀರೆ ತಂದಿರಿ. ಸೀರೆಯನ್ನು ಅತ್ತೆಗೇ ಕೊಟ್ಟೆ, ಅದಾದರೂ ಮುಟ್ಟಬೇಕಾದವರಿಗೆ ಮುಟ್ಟಲಿ ಎಂದು. ಅದೇ ಸಿಕ್ಕು ಆಯಿತು. ನಿಮ್ಮನ್ನು ಕಾಣಬೇಕೆಂದು ಆಕೆ ಹಟ ಹಿಡಿದಳು. ಆಕೆ ಬರುವ ಮೊದಲೇ ನಾನು ಹೋದರೆ ವಾಸಿ ಅನಿಸಿತು.

ನೀವು ಮಗಳು ಅಂದಿರಿ. ಆ ಮಾತು ಸುಳ್ಳಲ್ಲ, ನನಗೆ ಗೊತ್ತು. ಆದರೆ ಮಗಳು ತಾಯಿಯ ಹತ್ತಿರ ರಜೆ ಹೇಗೆ ಕೇಳಬೇಕು ಅಕ್ಕಾರ? ಇಲ್ಲಿನ ಸಾವ್ಕಾರನಿಗೆ ನನ್ನ ಹೆಸರೂ ಸರಿಯಾಗಿ ಬಾರದು, "ಆ ಮೂರನೇ ಕುರ್ಚ್ಯಾಕಿ" ಎನ್ನುತ್ತಾನೆ. ಅವನಿಗೆ "ನಾಳೆ ಬರಲ್ಲ" ಅಂದರೆ "ಹೂಂ" ಅನ್ನುತ್ತಾನೆ. ಅವನು ಒಲ್ಲೆ ಅಂದರೆ ಅವನನ್ನು ಮನಸ್ಸಿನಲ್ಲಿ ಬೈದುಕೊಂಡು ಹಗುರಾಗುತ್ತೇನೆ. ನಿಮ್ಮನ್ನು ಬೈದುಕೊಳ್ಳಲು ಆಗುವುದಿಲ್ಲ.

ದಾಸೋಹದ ಜೋಳ ನಾನು ತೀರಿಸುತ್ತೇನೆ.

ಅಮರೇಶ್ವರಿ


ಸಿಂಧನೂರು
18-9-2025

ಅಮರೇಶಿಗೆ ಆಶೀರ್ವಾದ.

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಮೊದಲು ಸಿಟ್ಟಿತ್ತು, ಅದು ಹೋದ ಮೇಲೆ ನಾಚಿಕೆ ಬಂತು. ಆ ಎರಡರಲ್ಲಿ ಒಂದಿದ್ದರೂ ಬರೆಯಬಾರದೆಂದು ಶ್ರಾವಣ ಕಳೆದೆ. ಜೋಳದ ಮಾತು ಬಿಡು. ಹಸಿದವರು ಉಂಡರು, ಅವರು ಯಾರ ಹೆಸರಿನ ಜೋಳ ಎಂದು ಕೇಳಿ ಉಣ್ಣಲಿಲ್ಲ.

ಪಕೀರಮ್ಮನ ಮಾತು ನನ್ನನ್ನು ಬಿಡಲಿಲ್ಲ. ಪ್ರತಿ ಸೋಮವಾರ ಬಸವಣ್ಣನಿಗೆ ಕಾಯಿ ಒಡೆಯುತ್ತೇನೆ. ಎತ್ತಿನ ಹೆಗಲು ಒಂದು ದಿನ ಆರಬೇಕೆಂದು ಹಿರಿಯರು ಇಟ್ಟ ಕಟ್ಟಳೆ ಅದು. ಕಾಯಿ ಒಡೆದು ನೇರ ಬಂದು "ಬೇಗ ಬೇಗ ಬಡೀರಿ, ಬಸ್ಸಿನ ಹೊತ್ತಾತು" ಎನ್ನುತ್ತಿದ್ದೆ. ಕಳೆದ ತಿಂಗಳು ಕಾಯಿ ಹಿಡಿದ ಕೈ ಹಾಗೆಯೇ ನಿಂತಿತು. ಅಂದೇ ಬಂದು ಎಲ್ಲರನ್ನೂ ಕೂಡಿಸಿ, "ವಾರಕ್ಕ ಒಂದು ದಿನ ರಜಾ, ಸಂಬಳ ಹಿಡಿಯೂದಿಲ್ಲ, ಯಾವ ವಾರ ಬೇಕು ಹೇಳ್ರಿ" ಎಂದೆ.

ಸೋಮವಾರ ಎನ್ನುತ್ತಾರೆಂದು ನಾನೇ ತಿಳಿದಿದ್ದೆ. ಪಕೀರಮ್ಮ, "ಮಂಗಳವಾರ ಕೊಡ್ರಿ, ನಮ್ಮ ದುರುಗಮ್ಮನ ವಾರ" ಎಂದಳು. ಶಂಶಾದ್‌ಬೀಗೆ ಶುಕ್ರವಾರ ಎಂದು ನಾನೇ ಬರೆಯಹೋದೆ. ಆಕೆ ಕೈ ಹಿಡಿದಳು. "ಶುಕ್ರವಾರ ಬ್ಯಾಡ್ರಿ ಅಕ್ಕಾರ. ನನ್ನ ಗಂಡ ಬುಡ್ಡೇಸಾಬ ಮಾಂಸ ತರ್ತಾನ, ಬೀಗರನ್ನ ಕರೀತಾನ, ಇಲ್ಲಿಗಿಂತ ಹೆಚ್ಚು ಕೆಲಸ. ಬುಧವಾರ ಕೊಡ್ರಿ. ಅವತ್ತು ಅವ ಊರಾಗ ಇರಾಂಗಿಲ್ಲ." ಅದಕ್ಕೆ ಪಕೀರಮ್ಮ, "ಹಂಗಾರ ನನಗೂ ಬುಧವಾರನ ಇರಲಿ, ದುರುಗಮ್ಮಗ ನಾ ಹೇಳ್ಕೋತೀನಿ" ಎನ್ನಬೇಕೆ. ದೊಡ್ಡ ಗದ್ದಲವಾಯಿತು. ಕೊನೆಗೆ ಒಬ್ಬೊಬ್ಬರಿಗೆ ಒಂದೊಂದು ವಾರ ಎಂದು ಗೋಡೆಯ ಮೇಲೆ ಇದ್ದಿಲಿನಿಂದ ಬರೆದೆ. ನಡುವಿನ ಒಲೆಯ ಮುಂದೆ ಹೆಸರು ಬರೆದಿಲ್ಲ.

ಇದಲ್ಲದೆ ವರ್ಷಕ್ಕೆ ಕೆಲವು ದಿನ, ಯಾರು ಬೇಕಾದರೂ, ಹಿಂದಿನ ದಿನ ಹೇಳಿ ಮನೆಯಲ್ಲಿ ಇರಬಹುದು. ಯಾಕೆ ಎಂದು ನಾನು ಕೇಳುವುದಿಲ್ಲ. ಹಾಗೆಂದು ಎಲ್ಲರ ಮುಂದೆ ಲಿಂಗ ಮುಟ್ಟಿ ಹೇಳಿದ್ದೇನೆ.

ಶಿವಗಂಗಾ ಇದನ್ನು ಕೇಳಿ ಲಿಂಗಸುಗೂರಿನಿಂದ ಬಸ್ಸು ಹತ್ತಿಯೇ ಬಂದಳು. "ನಿನ್ನ ಹೆಣ್ಮಕ್ಕಳು ಕಾಲ ಚಾಚಿ ಮಲಗಿದ್ರ ನನ್ನ ಗಿರಾಕಿ ಏನು ತಿನ್ನಬೇಕು?"

"ಅನ್ನ ಹಾಕು. ಸಿಂಧನೂರಿನ ಅಕ್ಕಿ ಎಲ್ಲೆಲ್ಲಿಗೋ ಹೋಗತೈತಿ, ಲಿಂಗಸುಗೂರಿಗೆ ದಾರಿ ಗೊತ್ತಿಲ್ಲೇನು?"

ಆಕೆ ಗೋಡೆಯ ಮೇಲಿನ ಇದ್ದಿಲಿನ ಅಕ್ಷರ ಒಂದೊಂದೇ ಓದಿದಳು. ಆಮೇಲೆ, "ನನ್ನ ಖಾನಾವಳ್ಯಾಗ ಬಡಿಸಾವ್ರೂ ಈ ಗ್ವಾಡಿ ಓದಿದ್ರ ನನ್ನ ಗತಿ?" ಎಂದು ಕೇಳಿದಳು. ಉತ್ತರ ಆಕೆಗೂ ಗೊತ್ತಿದ್ದಂತೆ ಕಂಡಿತು.

ಕಾರ್ಖಾನೆಯ ಗಾಡಿ ಇನ್ನೂ ಬರುತ್ತದೆ. ಮೊನ್ನೆ ಹಾರ್ನ್ ಹೊಡೆದಾಗ ಶಂಶಾದ್‌ಬೀ ಕತ್ತು ತಿರುಗಿಸದೆ, "ಮುಂದ ಹೋಗಪಾ, ಇಲ್ಲಿ ಯಾರೂ ಸತ್ತಿಲ್ಲ" ಎಂದಳು.

ಕೇಳದೆ ಇರುವುದು ಮಾತ್ರ ಬಹಳ ಕಷ್ಟ ಅಮರೇಶಿ. ಮೊದಲ ಸಲ ಪಕೀರಮ್ಮ "ನಾಳೆ ಬರಲ್ಲ" ಎಂದಾಗ ನಾನು ಬಾಯಿ ಬಿಗಿದು ನಿಂತೆ. ಆಕೆ ಹೋಗುವಾಗ, "ಅಕ್ಕಾರ, ಬಾಯಿ ಕೇಳಲಿಲ್ಲ ಖರೇ, ಮಾರಿ ಕೇಳಾಕತ್ತೈತಿ" ಎಂದಳು. ಮನೆಯವರು ಇನ್ನೂ ಅದನ್ನೇ ಹೇಳಿ ನಗುತ್ತಾರೆ.

ನೀನು ಬಂದರೆ ಸಂತೋಷ. ಬರದಿದ್ದರೂ ಈ ಗೋಡೆ ಅಳಿಸುವುದಿಲ್ಲ. ನನ್ನನ್ನು ಕಂಡು ಅಯ್ಯೋ ಎನಿಸಿ ಮಾತ್ರ ಬರಬೇಡ.

ಶರಣು,
ಕಲ್ಯಾಣಮ್ಮ


ಮಸ್ಕಿ
5-10-2025

ಅಕ್ಕಾರಿಗೆ ಶರಣು.

ದಸರೆಗೆ ಬನ್ನಿ ಕೊಡಲು ಬರಬೇಕೆಂದಿದ್ದೆ, ಧೈರ್ಯ ಸಾಲಲಿಲ್ಲ. ಬನ್ನಿ ಎಲೆ ಈ ಕಾಗದದಲ್ಲಿ ಇಟ್ಟಿದ್ದೇನೆ.

ಸಾವ್ಕಾರನಿಗೆ ಹೇಳಿದೆ, ದೀಪಾವಳಿ ಆದ ಮೇಲೆ ಬಿಡುತ್ತೇನೆಂದು. ಕೆಟ್ಟವನಲ್ಲ. "ಯಾಕ, ಅಲ್ಲಿ ಹೆಚ್ಚಿಗಿ ಕೊಡ್ತಾರೇನು?" ಎಂದ. "ಇಲ್ರಿ" ಎಂದೆ. ಅವನಿಗೆ ತಿಳಿಯಲಿಲ್ಲ. ಕುರ್ಚಿಯ ಮೇಲೆ ಕುಳಿತು ರೊಟ್ಟಿ ಎಣಿಸಿ ಎಣಿಸಿ ನನ್ನ ಅಂಗೈ ಮೆತ್ತಗಾಗಿದೆ. ರಾತ್ರಿ ಮನೆಯಲ್ಲಿ ರೊಟ್ಟಿ ಬಡಿದರೆ ದುರುಗಪ್ಪ, "ಮಷಿನ್ನಿಂದನ ಚಲೋ ಇತ್ತು" ಎನ್ನುತ್ತಾನೆ. ಅವನಿಗೆ ಸ್ವಲ್ಪ ಬುದ್ಧಿ ಕಲಿಸಬೇಕಾಗಿದೆ.

ಕೆಲವು ಮಾತು ಮೊದಲೇ ಹೇಳುತ್ತೇನೆ. ಮನೆ ಮಸ್ಕಿಯಲ್ಲೇ ಇರುತ್ತದೆ. ಬೆಳಗಿನ ಬಸ್ಸಿಗೆ ಬಂದು ಐದರ ಬಸ್ಸಿಗೆ ಹೋಗುತ್ತೇನೆ. ಆಧಾರ್ ಕಾರ್ಡ್ ತೋರಿಸಿದರೆ ನಮಗೆ ಟಿಕೆಟ್ ಇಲ್ಲ. ಐದಕ್ಕೆ ಎದ್ದಾಗ "ಇನ್ನೊಂದು ಹಂಚು ಹಾಕಿ ಹೋಗವ್ವಾ" ಎನ್ನಬಾರದು. ಗೋಡೆಯ ಮೇಲೆ ನನ್ನ ಹೆಸರಿಗೆ ಭಾನುವಾರ ಬರೆಯಿರಿ, ರೂಢಿಯಾಗಿದೆ. ಕುರ್ಚಿ ಬೇಡ, ಪಕೀರಮ್ಮನಿಗೆ ಒಂದು ಎತ್ತರದ ಮಣೆ ಮಾಡಿಸಿ. ಆಕೆ ಬಾಯಿಬಿಟ್ಟು ಕೇಳುವವಳಲ್ಲ.

ಮಗಳು ಎಂದು ಕರೆಯುವುದಿದ್ದರೆ ಕರೆಯಿರಿ. ಆದರೆ ನಾನು ಕೆಲಸಕ್ಕೆ ಬರುತ್ತಿದ್ದೇನೆ.

ಅಮರೇಶ್ವರಿ


ಸಿಂಧನೂರು
9-10-2025

ಅಮರೇಶಿಗೆ,

ಮಣೆಗೆ ಬಡಿಗನಿಗೆ ಹೇಳಿದೆ. ಭಾನುವಾರ ಬರೆದೆ. ಐದರ ಬಸ್ಸು ಒಪ್ಪಿದೆ. ಬನ್ನಿ ಎಲೆ ಜಗುಲಿಯ ಮೇಲಿದೆ.

ನಿನ್ನ ಮಾತು ಓದಿ ಮನೆಯವರು, "ಈಗ ನಿನಗ ಸರಿಯಾದ ಆಳು ಸಿಕ್ಕಾಳ" ಎಂದರು. ನನಗೂ ಹಾಗೆಯೇ ಅನಿಸಿತು. ಈ ಸಲ ನಾವಿಬ್ಬರೂ ಮಾತಾಡಿಕೊಂಡು ಸೇರುತ್ತಿದ್ದೇವೆ. ಹಿಂದೆ ನೀನು ಬಂದು ಕುಳಿತೆ, ನಾನು ಹಿಟ್ಟು ಕೊಟ್ಟೆ, ಅಷ್ಟೇ ಆಗಿತ್ತು.

ಶರಣು,
ಕಲ್ಯಾಣಮ್ಮ


ಮಸ್ಕಿ
8-12-2025, ಸೋಮವಾರ

ಅಕ್ಕಾರಿಗೆ ಶರಣು.

ಈಗ ಐದರ ಬಸ್ಸಿನಿಂದ ಇಳಿದೆ. ದಾವಲ್‌ಸಾಬ್‌ನ ಬಸ್ಸು ಸಿಂಧನೂರಿಗೆ ವಾಪಸ್ ಹೊರಟಿದೆ, ಅವನನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ನಿಮ್ಮೆದುರು ಬಾಯಲ್ಲಿ ಹೇಳಬೇಕೆಂದು ಇಡೀ ದಿನ ನೋಡಿದೆ, ಆಗಲಿಲ್ಲ.

ನಾಳೆ ನಾನು ಬರುವುದಿಲ್ಲ. ಕಾರಣ ಏನೂ ಇಲ್ಲ.

ಅಮರೇಶ್ವರಿ


ಸಿಂಧನೂರು
9-12-2025

ಅಮರೇಶಿಗೆ,

ಚೀಟಿ ನಿನ್ನೆ ಸಂಜೆಯೇ ಮುಟ್ಟಿತು. ಬೆಳಿಗ್ಗೆ ಎದ್ದು ಪೂಜೆ ಮುಗಿಸಿ ಪೆನ್ನು ಹಿಡಿದು ಕುಳಿತೆ. ನಾಲ್ಕು ಸಾಲು ಬರೆದೆ, ಓದಿದೆ. ಎಲ್ಲವೂ ಪ್ರಶ್ನೆಗಳೇ ಆಗಿದ್ದವು. ಆ ಹಾಳೆಯನ್ನು ಒಲೆಗೆ ಹಾಕಿ ಇದನ್ನು ಬರೆಯುತ್ತಿದ್ದೇನೆ.

ಆಯಿತು.

ಕಲ್ಯಾಣಮ್ಮ